ರನ್ನಿಂಗ್ ಮೇಟ್‌ನಿಂದ ಎಷ್ಟು ಮತ? ನಾನು ಲೆಕ್ಕ ಹಾಕುವ ಬಗೆ

ಅಮೆರಿಕದ ಅಧ್ಯಕ್ಷೀಯ ಚುನಾವಣೆಯಲ್ಲಿ ರನ್ನಿಂಗ್ ಮೇಟ್‌ಗೆಂದು, ಅಂದರೆ ಜೊತೆಗೆ ನಿಲ್ಲುವ ಉಪಾಧ್ಯಕ್ಷ ಅಭ್ಯರ್ಥಿಗೆಂದು, ಬೇರೆ ಮತವೇ ಇಲ್ಲ. ಮತಪತ್ರದಲ್ಲಿ ಅಧ್ಯಕ್ಷ ಮತ್ತು ಉಪಾಧ್ಯಕ್ಷ ಅಭ್ಯರ್ಥಿಗಳ ಹೆಸರು ಜೋಡಿಯಾಗಿ ಇರುತ್ತದೆ, ಮತದಾರ ಹಾಕುವ ಗುರುತು ಒಂದೇ. ನಮ್ಮಲ್ಲಿ ಉಪರಾಷ್ಟ್ರಪತಿಯನ್ನು ಸಂಸದರು ಪ್ರತ್ಯೇಕವಾಗಿ ಆರಿಸುವುದರಿಂದ ಈ ತೊಡಕು ನಮಗೆ ತಟ್ಟನೆ ಹೊಳೆಯುವುದಿಲ್ಲ. ಒಂದೇ ಗುರುತಿನಲ್ಲಿ ಇಬ್ಬರ ಪಾಲು ಬೆರೆತಿರುತ್ತದೆ. ಅದನ್ನು ಬಿಡಿಸುವುದೇ ಇಲ್ಲಿನ ಇಡೀ ಕೆಲಸ.

ಹೆಚ್ಚಿನವರು ತವರು ರಾಜ್ಯದಿಂದ ಶುರು ಮಾಡುತ್ತಾರೆ. ನಾನೂ ಅಲ್ಲಿಂದಲೇ ಶುರು ಮಾಡುತ್ತೇನೆ, ಆದರೆ ಅಲ್ಲಿಗೇ ನಿಲ್ಲಿಸುವುದಿಲ್ಲ. ಇದಕ್ಕೆ ಎಂಐಟಿಯ ಚುನಾವಣಾ ಪ್ರಯೋಗಾಲಯ ಉಚಿತವಾಗಿ ಕೊಡುವ ಫಲಿತಾಂಶದ ಕಡತ ಸಾಕು. ರಾಜ್ಯವಾರು ಅಂಕಿಗಳು 1976ರಿಂದ, ಕೌಂಟಿವಾರು (ನಮ್ಮ ಜಿಲ್ಲೆಯಂಥ ಘಟಕ) 2000ದಿಂದ ಸಿಗುತ್ತವೆ. ಎಕ್ಸೆಲ್‌ನಲ್ಲಿ ನಾಲ್ಕು ಕಾಲಂ ಸಾಕು (ಅಂತರ ಎಂದರೆ ಎರಡು ದೊಡ್ಡ ಪಕ್ಷಗಳ ಶೇಕಡಾವಾರು ಮತದ ವ್ಯತ್ಯಾಸ, ಒಂದು ಅಂಶ ಎಂದರೆ ನೂರಕ್ಕೆ ಒಂದು): ರಾಜ್ಯದ ಹಿಂದಿನ ಅಂತರ, ಈಗಿನ ಅಂತರ, ದೇಶದ ಹಿಂದಿನ ಅಂತರ, ಈಗಿನ ಅಂತರ.

2004ರ ಉತ್ತರ ಕೆರೊಲಿನಾವನ್ನೇ ತೆಗೆದುಕೊಳ್ಳೋಣ. ಆ ವರ್ಷ ಡೆಮಾಕ್ರಾಟ್ ಅಧ್ಯಕ್ಷ ಅಭ್ಯರ್ಥಿ ಜಾನ್ ಕೆರಿ ಅದೇ ರಾಜ್ಯದ ಸೆನೆಟರ್ ಜಾನ್ ಎಡ್ವರ್ಡ್ಸ್ ಅವರನ್ನು ಜೊತೆಗೆ ತೆಗೆದುಕೊಂಡರು. ಅಲ್ಲಿ ರಿಪಬ್ಲಿಕನ್ ಪಕ್ಷದ ಬುಷ್ 2000ದಲ್ಲಿ 12.8 ಅಂಶ ಮುಂದಿದ್ದರು, 2004ರಲ್ಲಿ 12.4 ಅಂಶ. ಏನೂ ಬದಲಾಗಿಲ್ಲ ಅನ್ನಿಸುತ್ತದೆ. ಆದರೆ ಇಡೀ ದೇಶದಲ್ಲಿ 2000ದಲ್ಲಿ ಡೆಮಾಕ್ರಾಟ್ ಅಭ್ಯರ್ಥಿ ಗೋರ್ 0.5 ಅಂಶ ಮುಂದಿದ್ದರೆ, 2004ರಲ್ಲಿ ಬುಷ್ 2.5 ಅಂಶ ಮುಂದಿದ್ದರು. ಅಂದರೆ ದೇಶ 3 ಅಂಶ ಬುಷ್ ಕಡೆ ವಾಲಿತು, ಉತ್ತರ ಕೆರೊಲಿನಾ 0.4 ಅಂಶ ಕೆರಿ ಕಡೆ ವಾಲಿತು. ಎರಡೂ ಸೇರಿಸಿದರೆ 3.4 ಅಂಶ. ಈ ಸಂಖ್ಯೆ ಸಿಕ್ಕಿದ ಕೂಡಲೇ "ಎಡ್ವರ್ಡ್ಸ್ ತಂದ ಮತ" ಎಂದು ಬರೆದುಬಿಡುವುದೇ ಸಾಮಾನ್ಯವಾಗಿ ಆಗುವ ತಪ್ಪು.

ಪಕ್ಕದ ವರ್ಜೀನಿಯಾವನ್ನು ಅದೇ ನಾಲ್ಕು ಕಾಲಂಗೆ ಹಾಕಿ ನೋಡಿ. ಅಲ್ಲಿ ಬುಷ್ ಮುನ್ನಡೆ 8.0ರಿಂದ 8.2ಕ್ಕೆ ಹೋಯಿತು. ದೇಶಕ್ಕೆ ಹೋಲಿಸಿದರೆ ಅದೂ 2.8 ಅಂಶ ಕೆರಿ ಕಡೆಗೇ ಸರಿದಿದೆ, ಆ ರಾಜ್ಯದವರು ಯಾರೂ ಕಣದಲ್ಲಿ ಇಲ್ಲದೆ! 3.4ರಲ್ಲಿ 2.8 ಕಳೆದರೆ ಉಳಿಯುವುದು 0.6. ಹನ್ನೆರಡು ಅಂಶದಿಂದ ಸೋತ ರಾಜ್ಯದಲ್ಲಿ 0.6 ಅಂಶ ಯಾವ ಕೆಲಸಕ್ಕೂ ಬಾರದು.

ನೆರೆ ರಾಜ್ಯವನ್ನು ಆರಿಸುವಾಗಲೇ ಎಡವುವುದು ಜಾಸ್ತಿ. 2024ರಲ್ಲಿ ಕಮಲಾ ಹ್ಯಾರಿಸ್ ಮಿನೆಸೋಟಾದ ಗವರ್ನರ್ ಟಿಮ್ ವಾಲ್ಜ್ ಅವರನ್ನು ಆರಿಸಿಕೊಂಡರು. ಮಿನೆಸೋಟಾದಲ್ಲಿ ಡೆಮಾಕ್ರಾಟ್ ಮುನ್ನಡೆ 2020ರ 7.1ರಿಂದ 4.2ಕ್ಕೆ ಇಳಿಯಿತು, ಅಂದರೆ 2.9 ಅಂಶದ ಕುಸಿತ. ದೇಶದಲ್ಲಿ ಕುಸಿತ ಸುಮಾರು 6 ಅಂಶ. ಹಾಗಾದರೆ ವಾಲ್ಜ್ 3 ಅಂಶ ಉಳಿಸಿಕೊಟ್ಟರೇ? ಪಕ್ಕದ ಐಯೊವಾದಲ್ಲಿ ಟ್ರಂಪ್ ಮುನ್ನಡೆ 8.2ರಿಂದ 13.2ಕ್ಕೆ ಏರಿತು, 5 ಅಂಶ. ಅದರೊಂದಿಗೆ ಹೋಲಿಸಿದರೆ ವಾಲ್ಜ್‌ಗೆ 2 ಅಂಶದ ಲಾಭ ಕಾಣುತ್ತದೆ. ಇನ್ನೊಂದು ಪಕ್ಕದ ವಿಸ್ಕಾನ್ಸಿನ್‌ನಲ್ಲಿ 0.6ರ ಡೆಮಾಕ್ರಾಟ್ ಮುನ್ನಡೆ 0.9ರ ರಿಪಬ್ಲಿಕನ್ ಮುನ್ನಡೆಯಾಯಿತು, ಕುಸಿತ ಬರೀ 1.5. ಅದರೊಂದಿಗೆ ಹೋಲಿಸಿದರೆ ವಾಲ್ಜ್‌ಗೆ ನಷ್ಟವೇ! ವಿಸ್ಕಾನ್ಸಿನ್ ಜಿದ್ದಾಜಿದ್ದಿನ ರಾಜ್ಯ, ಎರಡೂ ಪಕ್ಷ ಅಲ್ಲಿ ಹಣವನ್ನೂ ಕಾರ್ಯಕರ್ತರನ್ನೂ ಸುರಿದಿದ್ದವು. ಐಯೊವಾದಲ್ಲಿ ಆ ಭರಾಟೆ ಇರಲಿಲ್ಲ. ಹಾಗಾಗಿ ಅಂಕಿ ತೆರೆಯುವ ಮೊದಲೇ ಯಾವ ಯಾವ ರಾಜ್ಯದೊಂದಿಗೆ ಹೋಲಿಸುತ್ತೇನೆಂದು ಬರೆದಿಟ್ಟುಕೊಳ್ಳುತ್ತೇನೆ, ಆಮೇಲೆ ಎಲ್ಲವನ್ನೂ ಕೊಡುತ್ತೇನೆ. ಉತ್ತರದ ಚಿಹ್ನೆಯೇ ಹೀಗೆ ತಿರುಗುತ್ತದೆ ಎಂದರೆ, ಉತ್ತರ ಸೊನ್ನೆಯ ಆಸುಪಾಸಿನಲ್ಲಿದೆ ಎಂದೇ ಅರ್ಥ.

ಚಿಕ್ಕ ರಾಜ್ಯಗಳಲ್ಲಿ ದೊಡ್ಡ ಸಂಖ್ಯೆ ಕಾಣುವುದುಂಟು. 2008ರಲ್ಲಿ ಒಬಾಮಾ ಜೊತೆಗಾರ ಬೈಡನ್ ಅವರ ಡೆಲವೇರ್‌ನಲ್ಲಿ ಡೆಮಾಕ್ರಾಟ್ ಮುನ್ನಡೆ 7.6ರಿಂದ 25ಕ್ಕೆ ಜಿಗಿಯಿತು, ದೇಶದ ಜಿಗಿತ 9.7. ಆದರೆ ಡೆಲವೇರ್‌ಗೆ ಇರುವುದು 538ರಲ್ಲಿ 3 ಎಲೆಕ್ಟೋರಲ್ ಮತ (ರಾಜ್ಯಗಳಿಗೆ ಹಂಚಿದ, ಅಧ್ಯಕ್ಷರನ್ನು ಕೊನೆಗೆ ನಿರ್ಧರಿಸುವ ಮತ), ಅವೂ ಮೊದಲೇ ಡೆಮಾಕ್ರಾಟರ ಕಿಸೆಯಲ್ಲಿದ್ದವು.

1960ರ ಟೆಕ್ಸಸ್ ಕಥೆಯನ್ನು ಎಲ್ಲರೂ ಹೇಳುತ್ತಾರೆ: ಆ ರಾಜ್ಯದ ಲಿಂಡನ್ ಜಾನ್ಸನ್ ಜೊತೆಗಾರರಾಗಿ ಇಲ್ಲದಿದ್ದರೆ ಕೆನಡಿ ಸೋಲುತ್ತಿದ್ದರಂತೆ. ಟೆಕ್ಸಸ್‌ನಲ್ಲಿ ಗೆಲುವಿನ ಅಂತರ ಸುಮಾರು 46,000 ಮತ, ಆದ್ದರಿಂದ ಜಾನ್ಸನ್ ಪಾತ್ರವನ್ನು ತಳ್ಳಿಹಾಕುವಂತಿಲ್ಲ. ಆದರೆ ಕೆನಡಿಗೆ ಬಂದದ್ದು 303 ಎಲೆಕ್ಟೋರಲ್ ಮತ, ಟೆಕ್ಸಸ್‌ನ 24 ಕಳೆದರೆ 279, ಆಗ ಬೇಕಿದ್ದದ್ದು 269. ಟೆಕ್ಸಸ್ ಒಂದೇ ಹೋಗಿದ್ದರೆ ಕೆನಡಿ ಸೋಲುತ್ತಿರಲಿಲ್ಲ. ಜಾನ್ಸನ್ ದಕ್ಷಿಣದ ಬೇರೆ ರಾಜ್ಯಗಳಲ್ಲೂ ಮತ ಹಿಡಿದಿಟ್ಟರು ಎನ್ನುವವರು ಆ ಒಂದೊಂದು ರಾಜ್ಯಕ್ಕೂ ಲೆಕ್ಕ ಕೊಡಬೇಕು.

ತವರಿನ ವಿಚಾರದಲ್ಲಿ ನನಗೆ ಎಲ್ಲಕ್ಕಿಂತ ಗಟ್ಟಿ ಪುರಾವೆ ಅನ್ನಿಸುವುದು 1988ರ ಟೆಕ್ಸಸ್. ಡೆಮಾಕ್ರಾಟ್ ಅಭ್ಯರ್ಥಿ ಡುಕಾಕಿಸ್ ಜೊತೆ ಟೆಕ್ಸಸ್‌ನ ಸೆನೆಟರ್ ಲಾಯ್ಡ್ ಬೆಂಟ್ಸನ್ ನಿಂತರು. ಟೆಕ್ಸಸ್ ಕಾನೂನು ಅವಕಾಶ ಕೊಟ್ಟದ್ದರಿಂದ ಅದೇ ದಿನ ತಮ್ಮ ಸೆನೆಟ್ ಸ್ಥಾನಕ್ಕೂ ಸ್ಪರ್ಧಿಸಿದರು. ಒಂದೇ ಮತಪತ್ರದಲ್ಲಿ ಎರಡು ಕಡೆ ಅವರ ಹೆಸರು. ಸೆನೆಟ್‌ಗೆ ಶೇ. 59 ಮತ ಬಂತು, ಡುಕಾಕಿಸ್ ಜೋಡಿಗೆ ಶೇ. 43. ಬೆಂಟ್ಸನ್ ಅವರನ್ನು ಮೆಚ್ಚಿದವರೇ ಅವರಿದ್ದ ಜೋಡಿಯನ್ನು ದೊಡ್ಡ ಸಂಖ್ಯೆಯಲ್ಲಿ ಬಿಟ್ಟುಬಿಟ್ಟರು. ಟಿವಿ ಚರ್ಚೆಯಲ್ಲಿ ಎದುರಾಳಿ ಹಿರಿಯ ಬುಷ್ ಅವರ ಜೊತೆಗಾರ ಡ್ಯಾನ್ ಕ್ವೇಲ್ ಅವರನ್ನು ಬೆಂಟ್ಸನ್ ಮಣಿಸಿದರೆಂದು ಎಲ್ಲರೂ ಒಪ್ಪಿದ್ದರು, ಆದರೂ ಬುಷ್–ಕ್ವೇಲ್ ಜೋಡಿ 40 ರಾಜ್ಯ ಗೆದ್ದಿತು.

ಇಲ್ಲಿಂದ ಮುಂದೆ ಫಲಿತಾಂಶದ ಕಡತ ಸಾಲದು, ಸಮೀಕ್ಷೆ ಬೇಕು. ನಾನು ಬಳಸುವುದು ಎಎನ್‌ಇಎಸ್, ಅಂದರೆ ಅಮೆರಿಕನ್ ನ್ಯಾಷನಲ್ ಎಲೆಕ್ಷನ್ ಸ್ಟಡೀಸ್. ಅದರಲ್ಲಿ ಪ್ರತಿ ನಾಯಕನಿಗೂ 0ಯಿಂದ 100ರ ಥರ್ಮಾಮೀಟರ್ ಅಂಕ ಕೇಳುತ್ತಾರೆ. 50 ಎಂದರೆ ಒಲವೂ ಇಲ್ಲ, ಮುನಿಸೂ ಇಲ್ಲ. ಸರಾಸರಿ ತೆಗೆಯುವ ಮೊದಲು ಕೋಡ್‌ಪುಸ್ತಕ ಓದಲೇಬೇಕು. 2020ರ ಕಡತದಲ್ಲಿ 998 ಎಂದರೆ "ಗೊತ್ತಿಲ್ಲ", 999 ಎಂದರೆ "ಈ ವ್ಯಕ್ತಿ ಯಾರೆಂದೇ ತಿಳಿಯದು", ಉತ್ತರ ಕೊಡದವರಿಗೆ ಋಣ ಸಂಖ್ಯೆ. ಎಲ್ಲ ವರ್ಷಗಳನ್ನು ಒಟ್ಟು ಮಾಡಿದ ಕಡತದಲ್ಲಿ 97 ಎಂದರೆ 97ರಿಂದ 100, 98 ಮತ್ತು 99 ಉತ್ತರವಿಲ್ಲದವರು. ಇದನ್ನು ಗಮನಿಸದಿದ್ದರೆ ಹೆಸರೇ ಕೇಳದವರೆಲ್ಲ ಕಟ್ಟಾ ಅಭಿಮಾನಿಗಳಾಗಿ ಲೆಕ್ಕಕ್ಕೆ ಬರುತ್ತಾರೆ. ಆದರೆ 999ರವರನ್ನು ಎಸೆಯಬೇಡಿ, ಬೇರೆ ಎಣಿಸಿ. ಹೆಸರೇ ಗೊತ್ತಿಲ್ಲದವರ ಮತವನ್ನು ರನ್ನಿಂಗ್ ಮೇಟ್ ತಿರುಗಿಸಲಾರರು, ಆದ್ದರಿಂದ ಪರಿಣಾಮಕ್ಕೆ ಮೇಲಿನ ಮಿತಿ ಎಷ್ಟೆಂದು ಆ ಎಣಿಕೆ ಹೇಳುತ್ತದೆ.

ಮುಂದಿನ ತೊಡಕು ಕಾಲದ್ದು. ಬೈಡನ್ ಜೊತೆಗಾರ್ತಿಯಾಗಿ ಹ್ಯಾರಿಸ್ ಹೆಸರು ಹೊರಬಿದ್ದದ್ದು 2020ರ ಆಗಸ್ಟ್ 11ರಂದು, ಎಎನ್‌ಇಎಸ್ ಸಂದರ್ಶನ ಆರಂಭವಾದದ್ದು ಆಗಸ್ಟ್ 18ರಂದು. "ಮೊದಲು" ಎಂಬ ಅಳತೆಯೇ ಅದರಲ್ಲಿಲ್ಲ. ಬೈಡನ್‌ಗೆ ಹೆಚ್ಚು ಅಂಕ ಕೊಟ್ಟವರೇ ಹ್ಯಾರಿಸ್‌ಗೂ ಕೊಡುತ್ತಾರೆ. ಯಾವುದು ಯಾವುದನ್ನು ಎಳೆಯಿತು ಎಂದು ಹೇಳಲಾಗದು. ಪಕ್ಷದೊಲವಿನ ಏಳು ಮೆಟ್ಟಿಲಿನ (ಕಟ್ಟಾ ಡೆಮಾಕ್ರಾಟ್‌ನಿಂದ ಕಟ್ಟಾ ರಿಪಬ್ಲಿಕನ್‌ವರೆಗೆ) ಪ್ರಶ್ನೆಯನ್ನೂ ಇಬ್ಬರು ಅಧ್ಯಕ್ಷ ಅಭ್ಯರ್ಥಿಗಳ ಅಂಕವನ್ನೂ ಲೆಕ್ಕದ ಮಾದರಿಗೆ ಸೇರಿಸಿದರೆ ಈ ಗೋಜಲು ತಗ್ಗುತ್ತದೆ, ಪೂರ್ತಿ ಹೋಗುವುದಿಲ್ಲ.

ಘೋಷಣೆಗೆ ಮೊದಲೊಂದು, ಆಮೇಲೊಂದು ಎಂದು ಎರಡು ಸಮೀಕ್ಷೆ ಹೋಲಿಸುವುದು ಇನ್ನೂ ಅಪಾಯ. 1,000 ಜನರ ಸಮೀಕ್ಷೆಯಲ್ಲಿ ಒಬ್ಬ ಅಭ್ಯರ್ಥಿಯ ಪಾಲಿಗೆ ದೋಷದ ಮಿತಿ ಸುಮಾರು 3 ಅಂಶ. ಎರಡರ ವ್ಯತ್ಯಾಸಕ್ಕೆ 4.4. ಒಂದು ಅಂಶದ ಬದಲಾವಣೆ ಹಿಡಿಯಲು ಒಂದೊಂದು ಸಮೀಕ್ಷೆಯಲ್ಲೂ 19,000ಕ್ಕೂ ಹೆಚ್ಚು ಜನ ಬೇಕು. ಸಾಲದ್ದಕ್ಕೆ ಘಟನೆಗಳು ಒಂದರ ಮೇಲೊಂದು ಬೀಳುತ್ತವೆ. 2008ರಲ್ಲಿ ರಿಪಬ್ಲಿಕನ್ ಅಭ್ಯರ್ಥಿ ಮೆಕೇನ್ ಜೊತೆಗಾರ್ತಿ ಸಾರಾ ಪೇಲಿನ್ ಹೆಸರು ಆಗಸ್ಟ್ 29ರಂದು ಬಂತು, ಸೆಪ್ಟೆಂಬರ್ 3ರಂದು ಸಮಾವೇಶದ ಭಾಷಣ, 15ರಂದು ಲೀಮನ್ ಬ್ರದರ್ಸ್ ಬ್ಯಾಂಕ್ ದಿವಾಳಿ, 24ರಿಂದ ಸಿಬಿಎಸ್ ಟಿವಿಯಲ್ಲಿ ಪೇಲಿನ್ ಸಂದರ್ಶನದ ಪ್ರಸಾರ, 26ರಂದು ಅಧ್ಯಕ್ಷ ಅಭ್ಯರ್ಥಿಗಳ ಮೊದಲ ಚರ್ಚೆ. ಮೆಕೇನ್ ಕಳೆದುಕೊಂಡ ಮತದಲ್ಲಿ ಬ್ಯಾಂಕಿನ ಪಾಲೆಷ್ಟು, ಪೇಲಿನ್ ಪಾಲೆಷ್ಟು? ದಿನಕ್ಕಿಷ್ಟು ಜನರಂತೆ ತಿಂಗಳುಗಟ್ಟಲೆ ನಡೆದ ಆನೆನ್‌ಬರ್ಗ್ ಸಮೀಕ್ಷೆಯಂಥ ಅಂಕಿ ಇದ್ದರೆ ಮಾತ್ರ ಈ ದಿನಾಂಕಗಳನ್ನು ಬಿಡಿಸಿ ನೋಡಬಹುದು.

ಮತದಾರರನ್ನೇ "ಈ ಆಯ್ಕೆಯಿಂದ ನಿಮ್ಮ ಮತ ಬದಲಾಯಿತೇ?" ಎಂದು ಕೇಳುವುದನ್ನು ನಾನು ಬಿಟ್ಟೇಬಿಟ್ಟಿದ್ದೇನೆ. ಮೊದಲೇ ಮನಸ್ಸು ಮಾಡಿದವರು ತಮ್ಮ ಪಕ್ಷಕ್ಕೆ ಒಪ್ಪುವ ಉತ್ತರ ಕೊಡುತ್ತಾರೆ, ಅಷ್ಟೇ.

ಅದರ ಬದಲು ಪ್ರಯೋಗ ಮಾಡುವುದು ಮೇಲು. ಪಕ್ಷದೊಲವನ್ನು ಮೊದಲೇ ಕೇಳಿ ಮುಗಿಸಿ. ಆಮೇಲೆ ಜನರನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಒಂದಕ್ಕೆ ಅಧ್ಯಕ್ಷ ಅಭ್ಯರ್ಥಿಯ ಹೆಸರು ಮಾತ್ರ, ಇನ್ನೊಂದಕ್ಕೆ ಜೋಡಿ ಹೆಸರು ತೋರಿಸಿ. ಮತದ ಪ್ರಶ್ನೆ ಮೊದಲು ಬರಲಿ. ರನ್ನಿಂಗ್ ಮೇಟ್ ಬಗ್ಗೆ ನೇರ ಪ್ರಶ್ನೆ ಕೊನೆಗಿರಲಿ, ಇಲ್ಲದಿದ್ದರೆ ಅದೇ ಗುಂಗಿನಲ್ಲಿ ಮತ ಹೇಳುತ್ತಾರೆ. 3 ಅಂಶದ ವ್ಯತ್ಯಾಸ ನಂಬಬೇಕಾದರೆ ಗುಂಪಿಗೆ 2,100ಕ್ಕೂ ಹೆಚ್ಚು ಜನ ಬೇಕು. ಮತದ ಪ್ರಶ್ನೆಯ ಬೆನ್ನಿಗೆ ಅಧ್ಯಕ್ಷ ಅಭ್ಯರ್ಥಿಯ ಬಗ್ಗೆಯೇ ಇನ್ನೊಂದು ಪ್ರಶ್ನೆ ಹಾಕುತ್ತೇನೆ: ಇವರು ಮುಖ್ಯ ತೀರ್ಮಾನಗಳನ್ನು ವಿವೇಕದಿಂದ ತೆಗೆದುಕೊಳ್ಳುವವರೇ?

ಪರಿಣಾಮ ಇದ್ದರೆ ಮೊದಲು ಕಾಣುವುದು ಈ ಪ್ರಶ್ನೆಯಲ್ಲೇ ಎಂಬುದು ನನ್ನ ಖಚಿತ ಅಭಿಪ್ರಾಯ. ಜೊತೆಗಾರನ ಆಯ್ಕೆ ಅಭ್ಯರ್ಥಿ ಎಲ್ಲರ ಕಣ್ಣೆದುರು ಮಾಡುವ ಮೊದಲ ದೊಡ್ಡ ನೇಮಕ. ಜನ ಅದರಲ್ಲಿ ಆರಿಸಿದವರನ್ನು ಅಳೆಯುತ್ತಾರೆ. 1972ರಲ್ಲಿ ಡೆಮಾಕ್ರಾಟ್ ಅಭ್ಯರ್ಥಿ ಮೆಕ್‌ಗವರ್ನ್, ತಮ್ಮ ಜೊತೆಗಾರ ಥಾಮಸ್ ಈಗಲ್ಟನ್ ಖಿನ್ನತೆಗೆ ವಿದ್ಯುತ್ ಚಿಕಿತ್ಸೆ ಪಡೆದಿದ್ದರೆಂದು ಹೊರಬಿದ್ದಾಗ ಶೇ. 1,000 ಬೆಂಬಲ ಎಂದರು, ಕೆಲವೇ ದಿನಗಳಲ್ಲಿ ಕೈಬಿಟ್ಟರು. ಮೊದಲೇ ಹಿಂದೆ ಬಿದ್ದಿದ್ದ ಅವರ ಮಾತಿನ ಬೆಲೆ ಇನ್ನಷ್ಟು ಕುಸಿಯಿತು. 2008ರಲ್ಲೂ ಅಷ್ಟೇ, ಮೆಕೇನ್‌ಗೆ 72 ವರ್ಷವಾಗಿದ್ದರಿಂದ "ನಾಳೆ ಇವರೇ ಅಧ್ಯಕ್ಷರಾದರೆ?" ಎಂಬ ಪ್ರಶ್ನೆ ಪೇಲಿನ್ ಅವರನ್ನು ದಾಟಿ ಮೆಕೇನ್ ಮೇಲೆಯೇ ಬಿತ್ತು.

ಹ್ಯಾರಿಸ್ ತಾಯಿ ಚೆನ್ನೈ ಕಡೆಯವರಾದ್ದರಿಂದ, ಅಮೆರಿಕದ ಕನ್ನಡಿಗರೂ ಸೇರಿ ಭಾರತೀಯ ಮೂಲದವರ ಮತ ಎಷ್ಟು ಕದಲಿತು ಎಂದು ಅನೇಕರು ಕೇಳುತ್ತಾರೆ. ಇದಕ್ಕೆ ದೇಶವ್ಯಾಪಿ ಸಮೀಕ್ಷೆಯ ಉಪಪಟ್ಟಿಯನ್ನು ಮುಟ್ಟಬೇಡಿ. ಭಾರತೀಯ ಮೂಲದ ಮತದಾರರು ನೂರಕ್ಕೆ ಒಬ್ಬರ ಆಸುಪಾಸು. 1,000 ಜನರಲ್ಲಿ ಹತ್ತು ಮಂದಿ ಸಿಗುತ್ತಾರೆ, ದೋಷದ ಮಿತಿ 30 ಅಂಶ ದಾಟುತ್ತದೆ. ಆ ಸಮುದಾಯಕ್ಕೆಂದೇ ಮಾಡಿದ ಸಮೀಕ್ಷೆ ಬೇಕು, ಅದರಲ್ಲೂ ಹೆಸರು ಘೋಷಣೆಯಾಗುವ ಮುಂಚೆ ಒಂದು ಸುತ್ತು ಅದೇ ಜನರನ್ನು ಕೇಳಿರಬೇಕು.