ಹೋಟೆಲ್ ಹಾಲ್ ಬಿಟ್ಟು ಕ್ಯಾಶುವಾಲ್ಟಿಗೆ ಬಂದ ಸಿಎಂಇ: ಸಿಂಧನೂರಿನಲ್ಲಿ ನನ್ನ ಅನುಭವ

"ಕ್ರೆಡಿಟ್ ಅವರ್ ಇಲ್ಲ, ಡಿನ್ನರ್ ಇಲ್ಲ, ಬೆಂಗಳೂರಿನ ಸ್ಪೀಕರ್ ಇಲ್ಲ. ಯಾರು ಬರ್ತಾರೆ ನಿಮ್ಮ ಸಿಎಂಇಗೆ?" ಹಾರ್ಟ್ ಅಟ್ಯಾಕ್ ತರಬೇತಿಯನ್ನು ಸಿಂಧನೂರಿನಲ್ಲೇ ಮಾಡುತ್ತೇನೆ ಎಂದಾಗ ರಾಯಚೂರಿನ ಸ್ನೇಹಿತರು ಕೇಳಿದ್ದು ಇದನ್ನೇ. ಸಿಎಂಇ ಅಂದರೆ ಡಾಕ್ಟರುಗಳ ಮುಂದುವರಿದ ಕಲಿಕೆಯ ಸಭೆ, ಕ್ರೆಡಿಟ್ ಅವರ್ ಅಂದರೆ ಅದಕ್ಕೆ ಸಿಗುವ ಅಂಕ. ಈಗ ಎರಡು ವರ್ಷದ ಮೇಲಾಯಿತು. ತಿಂಗಳಿಗೊಂದು ಸಂಜೆ ಹದಿನೈದು-ಇಪ್ಪತ್ತು ಜನ ಸೇರುತ್ತೇವೆ. ಮಸ್ಕಿ, ಮಾನ್ವಿ, ಗಂಗಾವತಿಯಿಂದಲೂ ಬರುತ್ತಾರೆ.

ಮೊದಲು ಎಲ್ಲರ ಹಾಗೆ ನಾವೂ ಹೋಟೆಲ್ ಹಾಲ್ ಹಿಡಿದಿದ್ದೆವು. ಒಂದು ಸಲಕ್ಕೆ ಅರವತ್ತು-ಎಪ್ಪತ್ತು ಸಾವಿರ ಖರ್ಚು. ಅದರಲ್ಲಿ ಮುಕ್ಕಾಲು ಭಾಗ ಒಂದು ಔಷಧಿ ಕಂಪನಿ ಕೊಟ್ಟಿತ್ತು, ಹಾಗಾಗಿ ಮೊದಲ ಅರ್ಧ ಗಂಟೆ ಅವರ ಸ್ಲೈಡೇ ಓಡಿತು. ಬಂದ ಸ್ಪೀಕರ್ ಆಂಜಿಯೋಪ್ಲಾಸ್ಟಿಯ ವೀಡಿಯೋ ತೋರಿಸಿದರು. ಚೆನ್ನಾಗಿತ್ತು. ಆದರೆ ನಮ್ಮಲ್ಲಿ ಅದನ್ನು ಮಾಡುವ ಕ್ಯಾಥ್‌ಲ್ಯಾಬ್ ಎಲ್ಲಿದೆ? ರಾಯಚೂರಿಗೆ ಹೋದರೂ, ಬಳ್ಳಾರಿಗೆ ಹೋದರೂ ಒಂದೂವರೆ-ಎರಡು ಗಂಟೆ. ಕಲಬುರಗಿ ಜಯದೇವ ಇನ್ನೂ ದೂರ. 120 ನಿಮಿಷದೊಳಗೆ ಮುಚ್ಚಿದ ರಕ್ತನಾಳದಲ್ಲಿ ವೈರ್ ದಾಟಿಸುವ ಮಾತು ನಮಗೆ ದಕ್ಕುವುದಿಲ್ಲ. ನಮ್ಮ ಕೈಲಿರುವುದು ಲೈಸಿಸ್ ಮಾಡಿ, ಅಂದರೆ ಹೆಪ್ಪುಗಟ್ಟಿದ ರಕ್ತ ಕರಗಿಸುವ ಇಂಜೆಕ್ಷನ್ ಕೊಟ್ಟು, ಕಳಿಸುವುದು. ಅದರ ಬಗ್ಗೆ ಅವತ್ತು ಒಂದೇ ಸ್ಲೈಡ್ ಇತ್ತು.

ಆಮೇಲೆ ಆನ್‌ಲೈನ್ ಮಾಡಿ ನೋಡಿದೆವು. ಲಾಗಿನ್ ಆದವರು ಜಾಸ್ತಿ, ಕೇಳಿದವರು ಕಡಿಮೆ. ಓಪಿಡಿ ನಡೆಸುತ್ತಾ ಫೋನ್ ಮೇಜಿನ ಮೇಲೆ ಇಟ್ಟಿರುತ್ತಾರೆ. ಐದು ವರ್ಷಕ್ಕೆ 30 ಕ್ರೆಡಿಟ್ ಅವರ್ ಬೇಕು ಎಂದು ಕೆಎಂಸಿ (ಕರ್ನಾಟಕ ವೈದ್ಯಕೀಯ ಪರಿಷತ್ತು) ಹೇಳುತ್ತದೆ. ಅವರ್ ಸಿಕ್ಕಿತು, ಆದರೆ ಕ್ಯಾಶುವಾಲ್ಟಿಯಲ್ಲಿ ಏನೂ ಬದಲಾಗಲಿಲ್ಲ.

ಕೊನೆಗೆ ಹಿಡಿದ ದಾರಿ ಇದು. ಒಂದು ನರ್ಸಿಂಗ್ ಹೋಮ್‌ನ ಕ್ಯಾಶುವಾಲ್ಟಿಯಲ್ಲೇ ಸೇರುವುದು. ಡಾಕ್ಟರ್ ಒಬ್ಬರೇ ಬರುವಂತಿಲ್ಲ, ಜೊತೆಗೆ ತಮ್ಮ ನರ್ಸ್ ಅಥವಾ ಇಸಿಜಿ ಹುಡುಗ ಬರಲೇಬೇಕು. ನಮ್ಮಲ್ಲೊಬ್ಬರು ರೋಗಿಯಾಗಿ ಬಾಗಿಲಿಂದ ಬರುತ್ತಾರೆ. ಬಾಯಲ್ಲಿ ನಮ್ಮ ಕಡೆಯ ಅದೇ ಮಾತು: "ಎದ್ಯಾಗ ಗ್ಯಾಸ್ ತುಂಬ್ಯಾದ್ರಿ, ಒಂದು ಸೂಜಿ ಮಾಡ್ರಿ." ಸ್ಟಾಪ್‌ವಾಚ್ ಆನ್. 10 ನಿಮಿಷದಲ್ಲಿ ಇಸಿಜಿ ಆಗಿ, ಒಬ್ಬರು ಓದಿರಬೇಕು. ಓದಿದ ಮೇಲೆ ಇನ್ನು 10 ನಿಮಿಷದಲ್ಲಿ ಬೋಲಸ್ (ಒಂದೇ ಸಲಕ್ಕೆ ಕೊಡುವ ಲೈಸಿಸ್ ಸೂಜಿ) ಹೋಗಬೇಕು. ಖಾಲಿ ಸಿರಿಂಜ್, ಸಲೈನ್ ಅಷ್ಟೇ. ಉಳಿದದ್ದೆಲ್ಲಾ ನಿಜ.

ಮೊದಲ ಡ್ರಿಲ್ ಮುಕ್ಕಾಲು ಗಂಟೆ ದಾಟಿತು. ಎಲ್ಲರೂ ಲೈಸಿಸ್ ಔಷಧಿ ಟಿಎನ್‌ಕೆ (ಟೆನೆಕ್ಟೆಪ್ಲೇಸ್) ಡೋಸ್ ನೆನಪಿಲ್ಲದ್ದಕ್ಕೆ ತಡ ಆಗುತ್ತದೆ ಅಂದುಕೊಂಡಿದ್ದರು. ಅಲ್ಲ. ಇಸಿಜಿ ಮೆಷಿನ್ ಮೇಲಿನ ವಾರ್ಡಿನಲ್ಲಿತ್ತು. ಔಷಧಿ ಕಪಾಟಿನ ಕೀ ಮನೆಗೆ ಹೋದ ಫಾರ್ಮಸಿಸ್ಟ್ ಹತ್ತಿರ. ಎಲ್ಲಕ್ಕಿಂತ ಜಾಸ್ತಿ ಹೊತ್ತು ತಿಂದದ್ದು ಒಪ್ಪಿಗೆ. "ಊರಾಗ ಹಿರ್ಯಾರ್ನ ಕೇಳಿ ಹೇಳ್ತೀವ್ರಿ" ಎಂದು ಸಂಬಂಧಿಕರು ಹೊರಗೆ ಹೋದರೆ ಇಪ್ಪತ್ತು ನಿಮಿಷ ಹೋಯಿತು. ಅದಕ್ಕೆ ಈಗ ಒಪ್ಪಿಗೆ ಮಾತಾಡುವುದನ್ನೇ ಅಭ್ಯಾಸ ಮಾಡಿಸುತ್ತೇವೆ, ಕನ್ನಡದಲ್ಲೊಮ್ಮೆ, ಆಂಧ್ರದಿಂದ ಬಂದು ನೆಲೆಸಿದ ಕ್ಯಾಂಪಿನವರಿಗಾಗಿ ತೆಲುಗಿನಲ್ಲೊಮ್ಮೆ. ರಕ್ತಸ್ರಾವದ ಅಪಾಯ ಮುಚ್ಚಿಡುವುದಿಲ್ಲ. ಮೆದುಳಲ್ಲಿ ರಕ್ತ ಸೋರುವುದು ನೂರರಲ್ಲಿ ಸುಮಾರು ಒಬ್ಬರಿಗೆ ಎಂದು ನೇರವಾಗಿ ಹೇಳುತ್ತೇವೆ. ಫೋನ್ ಮಾಡಲಿ, ಆದರೆ ಸ್ಪೀಕರ್‌ನಲ್ಲಿ, ನಮ್ಮ ಮುಂದೆ.

ಟಿಎನ್‌ಕೆ ಡೋಸ್ ಚೀಟಿ ಗೋಡೆ ಮೇಲಿದೆ. 60 ಕೆಜಿ ಒಳಗೆ 30 ಮಿಗ್ರಾಂ, ಆಮೇಲೆ ಪ್ರತಿ 10 ಕೆಜಿಗೆ 5 ಏರಿಸಿ, 50ಕ್ಕೆ ನಿಲ್ಲಿಸು. 75 ವರ್ಷ ದಾಟಿದವರಿಗೆ ಅರ್ಧ. ಅವರಿಗೆ ರಕ್ತ ಹೆಪ್ಪುಗಟ್ಟದಂತೆ ಕೊಡುವ ಕ್ಲೋಪಿಡೋಗ್ರೆಲ್ ಗುಳಿಗೆ 300 ಅಲ್ಲ, 75. ಅದೇ ಕೆಲಸದ ಎನಾಕ್ಸಪ್ಯಾರಿನ್ ಸೂಜಿಯ ಬೋಲಸ್ ಇಲ್ಲ. ಈ ಕೊನೆಯ ಎರಡನ್ನು ಎಂಡಿ ಮಾಡಿದವರೂ ಡ್ರಿಲ್‌ನಲ್ಲಿ ಬಿಡುತ್ತಾರೆ. ಲೈಸಿಸ್ ಆದ ಮೇಲೆ 60ರಿಂದ 90 ನಿಮಿಷಕ್ಕೆ ಮತ್ತೆ ಇಸಿಜಿ. ಅದರಲ್ಲಿ ಏರಿದ್ದ ಎಸ್‌ಟಿ ಗೆರೆ ಅರ್ಧಕ್ಕೆ ಇಳಿಯದಿದ್ದರೆ ಕಾಯುವಂತಿಲ್ಲ, ರೆಸ್ಕ್ಯೂಗೆ, ಅಂದರೆ ತುರ್ತು ಆಂಜಿಯೋಪ್ಲಾಸ್ಟಿಗೆ, ಆಂಬುಲೆನ್ಸ್ ಹತ್ತಿಸಬೇಕು. ಇಳಿದರೂ 24 ಗಂಟೆಯೊಳಗೆ ಆಂಜಿಯೋಗ್ರಾಂಗೆ ಕಳಿಸಬೇಕು. ಲೈಸಿಸ್ ಆಯಿತು, ನೋವು ಹೋಯಿತು, ನಾಲ್ಕು ದಿನ ಇಟ್ಟು ಮನೆಗೆ ಕಳಿಸೋಣ ಎನ್ನುವ ಹಳೇ ರೂಢಿ ಬಿಡಿಸಲು ತುಂಬಾ ವಾದ ಮಾಡಬೇಕಾಯಿತು.

ಇಸಿಜಿಗಳೆಲ್ಲಾ ನಮ್ಮ ತಾಲೂಕಿನವೇ, ಹೆಸರು ಕತ್ತರಿಸಿ ತಂದವು. ಅವನ್ನು ಯಾವ ಕ್ರಮದಲ್ಲಿ ತೋರಿಸುತ್ತೇನೆ ಅನ್ನುವುದರಲ್ಲೇ ಅರ್ಧ ಕೆಲಸ ಇದೆ. ಅದನ್ನು ಇಲ್ಲಿ ಬರೆಯುವುದಿಲ್ಲ, ಬಂದು ಕೂತವರಿಗೆ ಗೊತ್ತಾಗುತ್ತದೆ.

ದುಡ್ಡಿನ ಲೆಕ್ಕ: ಒಂದು ಸಂಜೆಗೆ ಮೂರು ಸಾವಿರ ದಾಟಿಲ್ಲ. ಮಂಡಕ್ಕಿ, ಮಿರ್ಚಿ, ಚಹಾ, ಪ್ರಿಂಟು, ಎಲೆಕ್ಟ್ರೋಡು. ಕಂಪನಿ ದುಡ್ಡು ಮುಟ್ಟಿಲ್ಲ. ದೊಡ್ಡ ತಲೆನೋವು ಔಷಧಿಯ ಸ್ಟಾಕ್. ಖಾಸಗಿಯಲ್ಲಿ ಟಿಎನ್‌ಕೆ ಒಂದು ವಯಲ್‌ಗೆ ಇಪ್ಪತ್ತೈದು ಸಾವಿರದ ಆಸುಪಾಸು. ಇಟ್ಟರೆ ಎಕ್ಸ್‌ಪೈರಿ ಭಯ, ಇಡದಿದ್ದರೆ ರೋಗಿ ಹೋಗುತ್ತಾನೆ. ಈಗ ಕೆಲವು ನರ್ಸಿಂಗ್ ಹೋಮ್‌ಗಳು ಸೇರಿ ಸ್ಟಾಕ್ ಹಂಚಿಕೊಂಡಿದ್ದೇವೆ. ಎಕ್ಸ್‌ಪೈರಿ ಹತ್ತಿರ ಬಂದದ್ದು ಜಾಸ್ತಿ ಕೇಸ್ ಬರುವ ಕಡೆಗೆ ಹೋಗುತ್ತದೆ. 2023ರಲ್ಲಿ ಶುರುವಾದ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಿಂದ ಸರ್ಕಾರಿ ಆಸ್ಪತ್ರೆಗಳಲ್ಲಿ ಈ ಇಂಜೆಕ್ಷನ್ ಉಚಿತ. ಕೈಯಲ್ಲಿ ದುಡ್ಡಿಲ್ಲದವರನ್ನು ಆಸ್ಪಿರಿನ್ ಅಗಿಸಿ ನೇರ ಅಲ್ಲಿಗೇ ಕಳಿಸುತ್ತೇವೆ, ಮೊದಲೇ ಫೋನ್ ಮಾಡಿ.

ನಡುವೆ ಬೇರೆ ಪ್ರಯೋಗಗಳೂ ಆದವು. ಇಸಿಜಿಯ ವಿ1ರಿಂದ ವಿ3 ಲೀಡ್‌ಗಳಲ್ಲಿ ಎಸ್‌ಟಿ ಕುಸಿದಿದ್ದ ಎಲ್ಲರಿಗೂ ಬೆನ್ನಿನ ಲೀಡ್ ವಿ7ರಿಂದ ವಿ9 ಹಾಕಿಸಿದೆ. ಮಾಮೂಲಿಯಾಗಿ ಹೆಪಾರಿನ್ ಕೊಟ್ಟು ಮಲಗಿಸುತ್ತಿದ್ದ ಮೂರ್ನಾಲ್ಕು ಜನರಲ್ಲಿ ಪೋಸ್ಟೀರಿಯರ್ ಎಂಐ (ಹೃದಯದ ಹಿಂಭಾಗದ ಹಾರ್ಟ್ ಅಟ್ಯಾಕ್) ಸಿಕ್ಕಿತು. ಇನ್ನೊಂದು, ಮೆಡಿಕಲ್ ಶಾಪ್‌ನವರನ್ನು ಕರೆದದ್ದು. 2008ರಲ್ಲಿ ಪ್ರಕಟವಾದ, ಹೃದಯ ರೋಗಿಗಳ ದಾಖಲೆಯಾದ ಕ್ರಿಯೇಟ್ ರಿಜಿಸ್ಟ್ರಿಯಲ್ಲಿ ನಮ್ಮ ದೇಶದ ಸ್ಟೆಮಿ (ಇಸಿಜಿಯಲ್ಲಿ ಎಸ್‌ಟಿ ಏರಿ ಕಾಣುವ ಹಾರ್ಟ್ ಅಟ್ಯಾಕ್) ರೋಗಿಗಳು ಆಸ್ಪತ್ರೆ ಮುಟ್ಟಲು ಸುಮಾರು 300 ನಿಮಿಷ ತೆಗೆದುಕೊಂಡಿದ್ದರು. ನಮ್ಮಲ್ಲಿ ಆ ಹೊತ್ತಿನ ದೊಡ್ಡ ಪಾಲು ಗ್ಯಾಸ್ ಗುಳಿಗೆಗೆ ಹೋಗುತ್ತದೆ. ನಲವತ್ತು ದಾಟಿದವರು ಎದೆ ಹಿಡಿದು ಗುಳಿಗೆ ಕೇಳಿದರೆ ಇಸಿಜಿಗೆ ಕಳಿಸಿ ಎಂದು ಹೇಳಿದೆವು. ಭತ್ತದ ಕೊಯ್ಲಿನ ಹೊತ್ತಿಗೆ ಹಾಗೆ ಬಂದವರಲ್ಲಿ ಬಹುತೇಕರದು ನಾರ್ಮಲ್. ಸ್ಟೆಮಿ ಇದ್ದವರು ಮಾತ್ರ ಮೊದಲಿಗಿಂತ ಬೇಗ ಬಂದರು.

ಈಗ ಡ್ರಿಲ್ ಇಪ್ಪತ್ತು ನಿಮಿಷದೊಳಗೆ ಮುಗಿಯುತ್ತದೆ. ನಿಜವಾದ ಕೇಸ್‌ನಲ್ಲಿ ಬಾಗಿಲಿಂದ ಸೂಜಿಗೆ ಅರ್ಧ ಗಂಟೆಯ ಒಳಗೆ-ಹೊರಗೆ. ಇದನ್ನು ಜಿಲ್ಲೆಯ ಯಾರ ಮುಂದೆ ಬೇಕಾದರೂ ಇಡುತ್ತೇನೆ. ಹಿಂದೆ ಬಿದ್ದಿರುವುದು ಎನ್‌ಸ್ಟೆಮಿಯಲ್ಲಿ, ಅಂದರೆ ಎಸ್‌ಟಿ ಏರದ ಹಾರ್ಟ್ ಅಟ್ಯಾಕ್‌ನಲ್ಲಿ. ನೋವು ಶುರುವಾಗಿ ಒಂದು ಗಂಟೆಗೇ ಟ್ರೊಪೋನಿನ್ ಕಾರ್ಡ್ (ಹೃದಯಕ್ಕೆ ಪೆಟ್ಟಾಗಿದೆಯೇ ಎಂದು ನೋಡುವ ರಕ್ತ ಪರೀಕ್ಷೆ) ಹಾಕಿ, ಗೆರೆ ಬರದಿದ್ದರೆ ಮನೆಗೆ ಕಳಿಸುವವರು ಇನ್ನೂ ಇದ್ದಾರೆ. ಮುಂದಿನ ಮೂರು ಸಂಜೆ ಅದಕ್ಕೇ ಮೀಸಲು. ಬರುವವರು ತಮ್ಮ ಲ್ಯಾಬ್‌ನ ಕಿಟ್ ಯಾವುದು, ಎರಡನೇ ಸ್ಯಾಂಪಲ್ ಎಷ್ಟು ಗಂಟೆಗೆ ತೆಗೆಯುತ್ತಾರೆ ಎಂದು ಬರೆದು ತರಬೇಕು.