ಸೈಡ್ ಕೊಡೋದು ಕುಷನ್‌ಗಾಗಿ

"ಅಕ್ಕಾ, ಸೈಡ್ ಹೊಡೆಯೋದು ಹೇಳಿಕೊಡಿ" ಅಂತ ಪೂಲ್ ಕಲಿಯಲು ಬರುವವರಿಗೆ ನಾನು ಮೊದಲು ಕೇಳುವುದು ಒಂದೇ: ಸೈಡ್, ಅಂದರೆ ವೈಟ್‌ನ (ಕ್ಯೂ ಕೋಲಿನಿಂದ ಹೊಡೆಯುವ ಬಿಳಿ ಬಾಲ್‌ನ) ನಡು ಬಿಟ್ಟು ಬಲಕ್ಕೋ ಎಡಕ್ಕೋ ಹೊಡೆದು ಅದನ್ನು ಬುಗುರಿಯಂತೆ ಸುತ್ತಿಸುವುದು, ಯಾಕೆ ಬೇಕು? ಹೆಚ್ಚಿನವರ ಉತ್ತರ, "ಬಾಲ್ ತಿರುಗಿಸಿ ಪಾಕೆಟ್‌ಗೆ ಹಾಕೋಕೆ." ಹಾಗಂದುಕೊಂಡು ಕಲಿಯಲು ಹೊರಟರೆ ಇರುವ ಆಟವೂ ಕೆಡುತ್ತದೆ. ಸೈಡ್ ಇರುವುದು ಪಾಟ್ ಮಾಡಲು ಅಲ್ಲ. ಪಾಟ್ ಆದ ಮೇಲೆ ವೈಟ್ ಟೇಬಲ್ ಅಂಚಿನ ಕುಷನ್‌ಗೆ ಬಡಿದು ಎಲ್ಲಿಗೆ ಹೋಗಿ ನಿಲ್ಲಬೇಕು, ಅದಕ್ಕೆ. ಎದುರಿನ ಬಾಲ್‌ಗೆ ತಾಗಿದ ಕೂಡಲೇ ವೈಟ್ ಹಿಡಿಯುವ ದಾರಿಯನ್ನು ಸೈಡ್ ಹೆಚ್ಚುಕಮ್ಮಿ ಬದಲಿಸುವುದೇ ಇಲ್ಲ. ಅಲ್ಲಿ ಕೆಲಸ ಮಾಡುವುದು ಟಾಪ್ (ವೈಟ್‌ನ ಮೇಲ್ಭಾಗಕ್ಕೆ ಹೊಡೆದು ಮುಂದಕ್ಕೆ ಉರುಳಿಸುವುದು), ಸ್ಟನ್ (ಉರುಳದೆ ಜಾರುತ್ತಾ ಹೋಗಿ ತಾಗುವಂತೆ ಹೊಡೆಯುವುದು), ಸ್ಕ್ರೂ (ಕೆಳಭಾಗಕ್ಕೆ ಹೊಡೆದು ಹಿಂದಕ್ಕೆ ಎಳೆಯುವುದು). ಸೈಡ್‌ನ ಕೆಲಸ ಶುರುವಾಗುವುದು ವೈಟ್ ಕುಷನ್ ಮುಟ್ಟಿದಾಗ.

ತುಮಕೂರಿನ ಬಟವಾಡಿಯಲ್ಲಿ, ನಮ್ಮ ಮನೆಯ ಕೆಳಗಿನ ಮಳಿಗೆಯಲ್ಲಿ ಎರಡು ಪೂಲ್ ಟೇಬಲ್ ಇವೆ. ಸಂಜೆಯಾದರೆ ಎಸ್‌ಐಟಿ ಎಂಜಿನಿಯರಿಂಗ್ ಕಾಲೇಜಿನ ಹುಡುಗರು ಬರುತ್ತಾರೆ, ಬಿ.ಎಚ್. ರಸ್ತೆಯ ಅಂಗಡಿಗಳಲ್ಲಿ ಕೆಲಸ ಮುಗಿಸಿದವರು ಬರುತ್ತಾರೆ. ಸೋತವರು ಕ್ಯಾತಸಂದ್ರದಲ್ಲಿ ತಟ್ಟೆ ಇಡ್ಲಿ ಕೊಡಿಸಬೇಕು, ಅದು ಅವರವರ ಒಪ್ಪಂದ. ಅವರಿಗೆ ನಾನು ಯಾವ ಕ್ರಮದಲ್ಲಿ ಹೇಳಿಕೊಡುತ್ತೇನೋ ಅದೇ ಕ್ರಮದಲ್ಲಿ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಟಿಪ್, ಅಂದರೆ ಕ್ಯೂ ತುದಿಯ ತೊಗಲಿನ ಬಿಲ್ಲೆ, ನೋಡಿ. ಟಿಪ್ ಚಪ್ಪಟೆಯಾಗಿದ್ದರೆ, ಹೊಳಪು ಹತ್ತಿದ್ದರೆ ಸೈಡ್ ಹೊಡೆಯುವ ಯೋಚನೆಯನ್ನೇ ಬಿಡಿ. ಈಗಿನ ಒಂದು ರೂಪಾಯಿ ನಾಣ್ಯವನ್ನು ಟಿಪ್‌ನ ಪಕ್ಕ ಹಿಡಿದು ನೋಡಿ. ನಾಣ್ಯದ ಅಂಚಿನಷ್ಟು ದುಂಡಗೆ ಟಿಪ್ ಇದ್ದರೆ ಸಾಕು. ಇಲ್ಲದಿದ್ದರೆ ಮರಳು ಕಾಗದದಿಂದ ನಿಧಾನಕ್ಕೆ ದುಂಡು ಮಾಡಿ. ತೊಗಲಿನ ಟಿಪ್ ಬರುವ ಮುಂಚೆ ಬರೀ ಮರದ ತುದಿಯಿಂದಲೇ ಆಡುತ್ತಿದ್ದರು. ಬಾಲ್‌ನ ನಡು ಬಿಟ್ಟು ಸ್ವಲ್ಪ ಆಚೆ ಹೊಡೆದರೂ ಜಾರಿಹೋಗುತ್ತಿತ್ತು. ಸುಮಾರು ಇನ್ನೂರು ವರ್ಷದ ಹಿಂದೆ ಫ್ರಾನ್ಸಿನ ಫ್ರಾಂಸ್ವಾ ಮಿಂಗೋ ತೊಗಲಿನ ಟಿಪ್ ಬಳಕೆಗೆ ತಂದ ಮೇಲೆ ಸೈಡ್ ನಂಬಿಕಸ್ತ ಹೊಡೆತ ಆಯಿತು. ಚಾಕ್ ಕೂಡ ಅಷ್ಟೇ ಮುಖ್ಯ. 1897ರಲ್ಲಿ ಅಮೆರಿಕದ ಸ್ಪಿಂಕ್ಸ್ ಮತ್ತು ಹಾಸ್ಕಿನ್ಸ್ ಪೇಟೆಂಟ್ ಪಡೆದ ಚಾಕ್‌ನಲ್ಲಿ ಇದ್ದದ್ದು ಸುಣ್ಣ ಅಲ್ಲ, ಸಿಲಿಕಾದಂಥ ಗರಗರ ಪುಡಿ. ಟಿಪ್‌ಗೆ ಹಿಡಿತ ಬರುವುದು ಅದರಿಂದ. ಆದ್ದರಿಂದ ಶಾಲೆಯ ಬೋರ್ಡಿನ ಚಾಕ್‌ಪೀಸ್ ಹಚ್ಚಬೇಡಿ. ಸೈಡ್ ಹೊಡೆಯುವ ಪ್ರತಿ ಶಾಟ್‌ಗೂ ಮುಂಚೆ ಚಾಕ್ ಹಚ್ಚಿ. ಟಿಪ್ ಮೇಲೆ ಚಾಕ್ ಗಿರಗಿರ ತಿರುಗಿಸಬೇಡಿ, ಬ್ರಷ್‌ನಿಂದ ಬಣ್ಣ ಬಳಿಯುವ ಹಾಗೆ ಸವರಿ. ಅಂಚಿನವರೆಗೂ ಹತ್ತಬೇಕು. ಸೈಡ್ ಹೊಡೆಯುವಾಗ ಬಾಲ್‌ಗೆ ತಾಗುವುದು ಟಿಪ್‌ನ ಅಂಚಿನ ಭಾಗ ಅಲ್ವಾ?

ನಡು ಗೊತ್ತಿರಬೇಕು

ನಡುವಿಗೆ ಹೊಡೆಯಲು ಬಾರದವರಿಗೆ ಸೈಡ್ ಹೇಳಿಕೊಡುವುದಿಲ್ಲ. ಇದರಲ್ಲಿ ನಾನು ಸ್ವಲ್ಪ ಕಟ್ಟುನಿಟ್ಟು. ಬ್ರೇಕ್ ಮಾಡುವ (ಆಟ ಶುರುವಿನ ಹೊಡೆತ ಹೊಡೆಯುವ) ಕಡೆ, ಟೇಬಲ್‌ನ ಸರಿನಡುವೆ ವೈಟ್ ಇಡಿ. ಎದುರಿನ ಕುಷನ್‌ನ ನಡು ಚುಕ್ಕೆಗೆ ನೇರವಾಗಿ ಹೊಡೆಯಿರಿ. ಹೊಡೆದ ಮೇಲೆ ಕ್ಯೂ ಎತ್ತಬೇಡಿ, ಅಲ್ಲೇ ಬಿಡಿ. ವೈಟ್ ತಿರುಗಿ ಬಂದು ನಿಮ್ಮ ಟಿಪ್‌ಗೇ ತಾಗಬೇಕು. ಬಲಕ್ಕೋ ಎಡಕ್ಕೋ ಬಂದರೆ ನೀವು ಗೊತ್ತಿಲ್ಲದೆಯೇ ಸೈಡ್ ಕೊಡುತ್ತಿದ್ದೀರಿ. ಗೊತ್ತಿಲ್ಲದ ಸೈಡ್ ಮೇಲೆ ಗೊತ್ತಿರುವ ಸೈಡ್ ಹಾಕಿದರೆ ಲೆಕ್ಕ ಯಾವತ್ತೂ ಸರಿಹೋಗುವುದಿಲ್ಲ.

ಇದು ಕೈಗೆ ಹತ್ತಿದ ಮೇಲೆ, ಎಷ್ಟು ಪಕ್ಕಕ್ಕೆ ಹೋಗಬಹುದು ಅನ್ನುವ ಪ್ರಶ್ನೆ. ಪೂಲ್ ಬಾಲ್ ಅಡ್ಡಳತೆ 57 ಮಿಲಿಮೀಟರ್ ಚಿಲ್ಲರೆ. ನಡುವಿನಿಂದ ಅಂಚಿಗೆ ಇರುವ ದೂರದಲ್ಲಿ ಅರ್ಧ, ಅಂದರೆ ಸುಮಾರು 14 ಮಿಲಿಮೀಟರ್, ಅಷ್ಟೇ ಹದ್ದು. ಅದರಾಚೆ ಟಿಪ್ ತಾಗಿದರೆ ಜಾರುತ್ತದೆ, ಮಿಸ್‌ಕ್ಯೂ ಆಗುತ್ತದೆ. ಇದನ್ನು ಕಣ್ಣಿಂದ ಅಳೆಯುವುದು ಕಷ್ಟ. ಅದಕ್ಕೆ ಒಂದು ಸುಲಭ ದಾರಿ ಇದೆ. 9ರಿಂದ 15ರವರೆಗಿನ ಪಟ್ಟೆ ಬಾಲ್‌ಗಳಲ್ಲಿ ಒಂದನ್ನು ತೆಗೆದುಕೊಳ್ಳಿ. ಪಟ್ಟೆ ನೆಟ್ಟಗೆ ನಿಲ್ಲುವಂತೆ, ನಿಮ್ಮ ಕಡೆಗೆ ಮುಖ ಮಾಡಿ ಇಡಿ. ಆ ಪಟ್ಟೆಯ ಎರಡು ಅಂಚುಗಳೇ ಹೆಚ್ಚುಕಮ್ಮಿ ಹದ್ದು. ಈ ಬಾಲ್ ಅನ್ನೇ ವೈಟ್ ಅಂದುಕೊಂಡು ಹೊಡೆಯಿರಿ. ಚಾಕ್ ಗುರುತು ಎಲ್ಲಿ ಬಿತ್ತು ನೋಡಿ, ಒರೆಸಿ, ಮತ್ತೆ ಹೊಡೆಯಿರಿ. ಟಿಪ್ ದುಂಡಗಿರುವುದರಿಂದ ನೀವು ಗುರಿ ಇಟ್ಟ ಜಾಗಕ್ಕಿಂತ ಸ್ವಲ್ಪ ಒಳಗೇ ಗುರುತು ಬಿದ್ದಿರುತ್ತದೆ. ಹೊಡೆದಿದ್ದೆಲ್ಲಿ, ತಾಗಿದ್ದೆಲ್ಲಿ ಅನ್ನುವುದು ಇಷ್ಟು ಸ್ಪಷ್ಟವಾಗಿ ಬೇರೆ ಯಾವ ಅಭ್ಯಾಸದಲ್ಲೂ ಕಾಣುವುದಿಲ್ಲ. ಬಂದವರಿಗೆಲ್ಲ ಇದನ್ನು ಮಾಡಿಸುತ್ತೇನೆ.

ಇಲ್ಲಿ ಕೇರಂ ಆಡಿ ಬಂದವರಿಗೆ ಒಂದು ಮಾತು. ಸ್ಟ್ರೈಕರ್ ಹೊಡೆಯುವಾಗ ಬೆರಳನ್ನು, ಮಣಿಕಟ್ಟನ್ನು ಸ್ವಲ್ಪ ತಿರುಗಿಸುವ ಅಭ್ಯಾಸ ಕೆಲವರಿಗೆ ಇರುತ್ತದೆ. ಅದೇ ಅಭ್ಯಾಸ ಕ್ಯೂಗೂ ಬರುತ್ತದೆ. ಹೊಡೆಯುವ ಕ್ಷಣದಲ್ಲಿ ಮಣಿಕಟ್ಟು ತಿರುಗಿಸಿದರೆ ಸೈಡ್ ಜಾಸ್ತಿ ಆಗುತ್ತದೆ ಅಂತ ನಂಬಿದವರು ತುಂಬಾ ಜನ. ಆಗುವುದಿಲ್ಲ. ಟಿಪ್ ಬಾಲ್‌ಗೆ ತಾಗಿರುವುದು ಒಂದು ಸೆಕೆಂಡಿನ ಸಾವಿರದಲ್ಲಿ ಒಂದು ಭಾಗದಷ್ಟು ಹೊತ್ತು ಮಾತ್ರ. ಅಷ್ಟರಲ್ಲಿ ನಿಮ್ಮ ಕೈ ಏನನ್ನೂ ಸೇರಿಸಲಾರದು. ಎಲ್ಲಿ ತಾಗಿತು, ಕ್ಯೂ ಎತ್ತ ಹೋಗುತ್ತಿತ್ತು, ಎಷ್ಟು ವೇಗದಲ್ಲಿತ್ತು, ಇಷ್ಟೇ ಲೆಕ್ಕ. ಕ್ಯೂವನ್ನು ವೈಟ್‌ನ ನಡುವಿನ ಪಕ್ಕದ ಜಾಗಕ್ಕೆ ಗುರಿ ಇಡಿ, ಆಮೇಲೆ ಮಾಮೂಲಿ ಹೊಡೆತದಂತೆ ನೆಟ್ಟಗೆ ಮುಂದಕ್ಕೆ ಬಿಡಿ.

ಕುಷನ್ ಪಾಠ

ಮತ್ತೆ ಅದೇ ಜಾಗದಲ್ಲಿ ವೈಟ್ ಇಡಿ. ಮಧ್ಯಮ ವೇಗ. ನಡುವಿನಿಂದ ಅರ್ಧ ಟಿಪ್‌ನಷ್ಟು ಬಲಕ್ಕೆ ಹೊಡೆಯಿರಿ. ಎದುರಿನ ಕುಷನ್‌ಗೆ ಬಡಿದ ವೈಟ್ ಬಲಕ್ಕೆ ವಾಲಿಕೊಂಡು ವಾಪಸು ಬರುತ್ತದೆ. ನಿಮ್ಮ ಕಡೆಯ ಕುಷನ್‌ನಲ್ಲಿ ಯಾವ ಚುಕ್ಕೆಯ ಹತ್ತಿರ ತಾಗಿತು, ಬರೆದಿಟ್ಟುಕೊಳ್ಳಿ. ಆಮೇಲೆ ಒಂದು ಟಿಪ್ ಬಲಕ್ಕೆ. ಆಮೇಲೆ ಎಡಕ್ಕೂ ಹಾಗೇ. ಎಡಕ್ಕೂ ಬಲಕ್ಕೂ ಸಮ ಬಂದರೆ ನಿಮ್ಮ ಕೈ ಸರಿ ಇದೆ. ಈಗ ಇದನ್ನೇ ಮೆಲ್ಲಗೆ ಹೊಡೆದು, ಜೋರಾಗಿ ಹೊಡೆದು ನೋಡಿ. ಮೆಲ್ಲಗೆ ಹೊಡೆದಾಗ ವೈಟ್ ಹೆಚ್ಚು ಅಗಲಕ್ಕೆ ತಿರುಗುವುದು ಕಾಣುತ್ತದೆ. ಬಟ್ಟೆಯ ಮೇಲೆ ಉರುಳುತ್ತಾ ಉರುಳುತ್ತಾ ವೈಟ್‌ನ ಮುಂದಿನ ವೇಗ ಇಳಿಯುತ್ತದೆ. ಬುಗುರಿಯಂತೆ ಸುತ್ತುವ ಸುತ್ತು ಮಾತ್ರ ಅಷ್ಟು ಬೇಗ ಇಳಿಯುವುದಿಲ್ಲ. ಹಾಗಾಗಿ ಕುಷನ್ ಸೇರುವ ಹೊತ್ತಿಗೆ ವೇಗಕ್ಕೆ ಹೋಲಿಸಿದರೆ ಸುತ್ತೇ ಜಾಸ್ತಿ. ಸೈಡ್ ಬೇಕು ಅಂದರೆ ಜೋರಾಗಿ ಹೊಡೆಯಬೇಕು ಅನ್ನುವುದು ಸುಳ್ಳು. ಹೆಚ್ಚು ಸೈಡ್ ಬೇಕಾದರೆ ನಡುವಿನಿಂದ ಇನ್ನಷ್ಟು ಆಚೆ ಹೊಡೆಯಬೇಕು. ಕೈಗೆ ಬಲ ಬೇಡ.

ನಿಜವಾದ ಆಟದಲ್ಲಿ ವೈಟ್ ಕುಷನ್‌ಗೆ ಓರೆಯಾಗಿ ಹೋಗುತ್ತದೆ. ಅದು ಬಲಕ್ಕೆ ಸಾಗುತ್ತಾ ಕುಷನ್ ಮುಟ್ಟುತ್ತಿದ್ದರೆ, ಬಲ ಸೈಡ್ ಅದನ್ನು ಇನ್ನೂ ಅಗಲಕ್ಕೆ ಬಿಡುತ್ತದೆ, ಓಟವೂ ಉಳಿಯುತ್ತದೆ. ಇದು ರನ್ನಿಂಗ್ ಸೈಡ್. ಎಡ ಸೈಡ್ ಕೊಟ್ಟರೆ ಕೋನ ಕಿರಿದಾಗುತ್ತದೆ, ವೈಟ್ ಬ್ರೇಕ್ ಹಾಕಿದಂತೆ ನಿಧಾನವಾಗುತ್ತದೆ. ಇದು ಚೆಕ್ ಸೈಡ್. ಎಂಟನೇ ಬಾಲ್‌ಗೆ ಹೋಗಲು ಟೇಬಲ್ ದಾಟಿ ಬರಬೇಕಾದರೆ ರನ್ನಿಂಗ್. ಸೈಡ್ ಪಾಕೆಟ್‌ಗೆ (ಟೇಬಲ್‌ನ ಉದ್ದ ಬದಿಯ ನಡುವಿನದು) ವೈಟ್ ಬೀಳುವ ಭಯ ಇದ್ದರೆ, ಅಥವಾ ಕುಷನ್ ಹತ್ತಿರವೇ ನಿಲ್ಲಬೇಕಾದರೆ ಚೆಕ್. ಮೊದಲು ರನ್ನಿಂಗ್ ಸೈಡ್ ಒಂದನ್ನೇ ಚೆನ್ನಾಗಿ ಕಲಿಯಿರಿ ಅನ್ನುವುದು ನನ್ನ ಅಭಿಪ್ರಾಯ. ಆಟದಲ್ಲಿ ಅದೇ ಹೆಚ್ಚು ಬೇಕಾಗುವುದು, ಅದೇ ಹೆಚ್ಚು ನಂಬಬಹುದಾದದ್ದು.

ಇದನ್ನು ಕಣ್ತುಂಬ ನೋಡಬೇಕು ಅನ್ನುವವರು ಪೂಲ್ ಬದಲು ಬಿಲಿಯರ್ಡ್ಸ್ ನೋಡಿ. ಮೂರೇ ಬಾಲ್, ಇನ್-ಆಫ್ (ಹೊಡೆದ ಬಾಲ್ ಬೇರೆ ಬಾಲ್‌ಗೆ ತಾಗಿ ಪಾಕೆಟ್‌ಗೆ ಬೀಳುವುದು) ಮತ್ತು ಕ್ಯಾನನ್‌ಗೆಲ್ಲ (ಹೊಡೆದ ಬಾಲ್ ಉಳಿದೆರಡಕ್ಕೂ ತಾಗುವುದು) ಸೈಡ್ ಬಳಕೆ. ಬೆಂಗಳೂರಿನಲ್ಲಿ ಆಡಿ ಬೆಳೆದ ಪಂಕಜ್ ಅಡ್ವಾಣಿ ಬಿಲಿಯರ್ಡ್ಸ್ ಆಡುವುದನ್ನು ನೋಡಿದರೆ, ಎಷ್ಟು ಕಡಿಮೆ ಸೈಡ್‌ನಲ್ಲಿ ಎಷ್ಟು ಕೆಲಸ ಮಾಡಬಹುದು ಅನ್ನುವುದು ಗೊತ್ತಾಗುತ್ತದೆ.

ಗುರಿ ತಪ್ಪಿಸುವ ಮೂರು

ಸೈಡ್ ಕೊಟ್ಟ ಕೂಡಲೇ ಸುಲಭದ ಪಾಟ್ ಕೂಡ ಯಾಕೆ ತಪ್ಪುತ್ತದೆ? ಮೂರು ಕಾರಣ. ಬಲ ಸೈಡ್ ಇಟ್ಟುಕೊಂಡೇ ಹೇಳುತ್ತೇನೆ, ಎಡಕ್ಕೆ ಎಲ್ಲ ತಿರುವುಮುರುವು.

ಒಂದು, ನೀವು ವೈಟ್‌ನ ಬಲಕ್ಕೆ ಹೊಡೆದಾಗ ವೈಟ್ ಗುರಿಯಿಂದ ಸ್ವಲ್ಪ ಎಡಕ್ಕೆ ಹೊರಡುತ್ತದೆ. ಸಾಧಾರಣ ಮರದ ಕ್ಯೂನಲ್ಲಿ ಪೂರ್ತಿ ಸೈಡ್ ಕೊಟ್ಟರೆ ಇದು ಸುಮಾರು ಎರಡು ಡಿಗ್ರಿ. ಕೇಳಲು ಕಡಿಮೆ. ನಾಲ್ಕು ಅಡಿ ಹೋಗುವಷ್ಟರಲ್ಲಿ ಒಂದೂವರೆ ಇಂಚಿಗೂ ಜಾಸ್ತಿ ಆಗಿರುತ್ತದೆ. ಮೆಲ್ಲಗೆ ಹೊಡೆದರೂ ಜೋರಾಗಿ ಹೊಡೆದರೂ ಇದು ಹೊರಡುವ ಕೋನ ಒಂದೇ. ಕ್ಯೂ ತುದಿ ಹಗುರವಾದಷ್ಟೂ ಇದು ಕಡಿಮೆ, ದುಬಾರಿ ಶಾಫ್ಟ್‌ಗಳು (ಕ್ಯೂನ ಮುಂದಿನ ತುಂಡು) ಮಾಡುವುದು ಅದನ್ನೇ. ಎರಡು, ಕ್ಯೂ ಹಿಂಭಾಗ ಎತ್ತರಕ್ಕಿದ್ದರೆ ವೈಟ್ ಹೋಗ್ತಾ ಹೋಗ್ತಾ ಬಲಕ್ಕೆ ಬಾಗಿ ಬರುತ್ತದೆ. ಮೆಲ್ಲಗೆ ಹೊಡೆದಷ್ಟೂ ಬೇಗ ಬಾಗುತ್ತದೆ. ಮೂರು, ವೈಟ್‌ನ ಸುತ್ತು ಎದುರಿನ ಬಾಲ್ ಅನ್ನು ಎಡಕ್ಕೆ ತಳ್ಳುತ್ತದೆ. ಮೆಲ್ಲಗಿನ ಸ್ಟನ್ ಶಾಟ್‌ನಲ್ಲಿ ಇದು ಒಂದಡಿಗೆ ಸುಮಾರು ಒಂದು ಇಂಚಿನವರೆಗೂ ಹೋಗಬಹುದು. ಬಾಲ್ ಕೊಳಕಾಗಿದ್ದರೆ ಇನ್ನೂ ಜಾಸ್ತಿ.

ಈಗ ಮೂರನ್ನೂ ಸೇರಿಸಿ ನೋಡಿ. ದೂರದ, ಜೋರಾದ ಶಾಟ್‌ನಲ್ಲಿ ಮೊದಲನೆಯದೇ ಗೆಲ್ಲುತ್ತದೆ. ವೈಟ್ ಎಡಕ್ಕೆ ಸರಿದು ಬಾಲ್‌ನ ಎಡಕ್ಕೆ ತಾಗುತ್ತದೆ, ಬಾಲ್ ಬಲಕ್ಕೆ ಹೋಗುತ್ತದೆ. ಅಲ್ಲಿ ವೈಟ್‌ನ ಗುರಿಯನ್ನು ಸ್ವಲ್ಪ ಬಲಕ್ಕೆ ಇಡಬೇಕು. ಮೆಲ್ಲಗಿನ ಶಾಟ್‌ನಲ್ಲಿ ಎರಡನೆಯದೂ ಮೂರನೆಯದೂ ಸೇರಿ ಬಾಲ್ ಅನ್ನು ಎಡಕ್ಕೆ ಕಳಿಸುತ್ತವೆ. ಅಲ್ಲಿ ಗುರಿ ಸ್ವಲ್ಪ ಎಡಕ್ಕೆ. ಇವೆರಡರ ನಡುವೆ ಒಂದು ವೇಗ ಇದೆ, ಅಲ್ಲಿ ಒಂದಕ್ಕೊಂದು ಹೊಡೆದುಹೋಗಿ ಬಾಲ್ ನೆಟ್ಟಗೇ ಬೀಳುತ್ತದೆ. ನಿಮ್ಮ ಟೇಬಲ್‌ನಲ್ಲಿ ಆ ವೇಗ ಯಾವುದು ಅಂತ ನೀವೇ ಹುಡುಕಿಕೊಳ್ಳಬೇಕು. ಮೂರಡಿ ದೂರದ ನೇರ ಪಾಟ್ ಇಟ್ಟುಕೊಂಡು, ಸೈಡ್ ಬದಲಿಸದೆ ವೇಗ ಮಾತ್ರ ಬದಲಿಸಿ ನೋಡಿ.

ಕಟ್ ಶಾಟ್‌ನಲ್ಲಿ, ಅಂದರೆ ಬಾಲ್‌ನ ಪಕ್ಕಕ್ಕೆ ತಾಗಿಸಿ ಓರೆಯಾಗಿ ಕಳಿಸುವ ಹೊಡೆತದಲ್ಲಿ, ಒಂದು ಅನುಕೂಲ ಇದೆ. ಬಾಲ್ ಅನ್ನು ಎಡಕ್ಕೆ ಕಟ್ ಮಾಡುವಾಗ ಉಜ್ಜುವಿಕೆಯಿಂದ ಅದು ಗುರಿಗಿಂತ ಸ್ವಲ್ಪ ಬಲಕ್ಕೆ ಎಳೆಯುತ್ತದೆ. ಆಗ ಸ್ವಲ್ಪ ಬಲ ಸೈಡ್, ಅಂದರೆ ಹೊರಗಿನ ಸೈಡ್, ಕೊಟ್ಟರೆ ಆ ಎಳೆತ ಹೋಗುತ್ತದೆ. ಅರ್ಧ ಬಾಲ್ ತಾಗುವ ಕಟ್‌ಗೆ, ಕೊಡಬಹುದಾದ ಸೈಡ್‌ನಲ್ಲಿ ಅರ್ಧದ ಹತ್ತಿರ ಸಾಕು. ಪಾಟ್ ಮಾಡಲು ಸೈಡ್ ನೆರವಾಗುವ ಜಾಗ ಅಂದರೆ ಇದೊಂದೇ ಅಂತ ನನ್ನ ಲೆಕ್ಕ.

ಗುರಿ ಹೊಂದಿಸಿಕೊಳ್ಳಲು ಎರಡು ಬಗೆ. ಇಡೀ ಕ್ಯೂವನ್ನು, ಬ್ರಿಜ್ ಕೈ (ಟೇಬಲ್ ಮೇಲೆ ಕ್ಯೂಗೆ ಆಸರೆ ಕೊಡುವ ಕೈ) ಸಮೇತ, ಪಕ್ಕಕ್ಕೆ ಸರಿಸಿ ಅಂದಾಜಿನ ಮೇಲೆ ಗುರಿ ತಿದ್ದುವುದು ಒಂದು. ನಡುವಿಗೇ ಗುರಿ ಇಟ್ಟು, ಬ್ರಿಜ್ ಕೈ ಅಲ್ಲಾಡಿಸದೆ ಹಿಂದಿನ ಕೈ ಮಾತ್ರ ಸರಿಸುವುದು ಇನ್ನೊಂದು. ಬಲ ಸೈಡ್ ಬೇಕಾದರೆ ಹಿಂದಿನ ಕೈ ಎಡಕ್ಕೆ, ಟಿಪ್ ತಾನೇ ಬಲಕ್ಕೆ ಹೋಗುತ್ತದೆ. ಎರಡನೆಯದನ್ನು ನಾನು ಹೇಳಿಕೊಡುತ್ತೇನೆ. ಕ್ಯೂ ಬಲಕ್ಕೆ ಮುಖ ಮಾಡುತ್ತದೆ, ವೈಟ್ ಎಡಕ್ಕೆ ಸರಿಯುವುದನ್ನು ಅದೇ ತಿದ್ದುತ್ತದೆ. ಆದರೆ ಬ್ರಿಜ್ ವೈಟ್‌ನಿಂದ ಎಷ್ಟು ದೂರದಲ್ಲಿದೆ ಅನ್ನುವುದರ ಮೇಲೆ ಎಲ್ಲ ನಿಂತಿದೆ. ಸ್ವಲ್ಪ ಜೋರಾಗಿ ಹೊಡೆದು ನೋಡಿ. ವೈಟ್ ಸೈಡ್ ಕೊಟ್ಟ ಕಡೆಗೇ ಹೋದರೆ ಬ್ರಿಜ್ ತೀರಾ ಹತ್ತಿರ ಆಗಿದೆ, ಹಿಂದಕ್ಕೆ ತನ್ನಿ. ಅದಕ್ಕೆ ವಿರುದ್ಧ ಕಡೆಗೆ ಹೋದರೆ ಮುಂದಕ್ಕೆ ತನ್ನಿ. ನೆಟ್ಟಗೆ ಹೋಗುವ ಜಾಗ ಸಿಕ್ಕಿದರೆ ಆ ಕ್ಯೂಗೆ ಅದೇ ಅಳತೆ. ಬೇರೆ ಕ್ಯೂ ಹಿಡಿದರೆ ಮತ್ತೆ ಹುಡುಕಬೇಕು. ಅದಕ್ಕೇ ಹೇಳುವುದು, ಗೋಡೆಯ ಸ್ಟ್ಯಾಂಡಿನಿಂದ ಕೈಗೆ ಸಿಕ್ಕಿದ ಕ್ಯೂ ತೆಗೆಯಬೇಡಿ, ಒಂದಕ್ಕೇ ಗುರುತು ಮಾಡಿಟ್ಟುಕೊಳ್ಳಿ.

ವೈಟ್ ಕುಷನ್‌ಗೆ ಅಂಟಿಕೊಂಡಿದ್ದರೆ ಸೈಡ್ ಬೇಡ. ಅಲ್ಲಿ ಕ್ಯೂ ಎತ್ತಲೇಬೇಕು, ವೈಟ್ ಬಾಗೇ ಬಾಗುತ್ತದೆ.

ನಮ್ಮ ಕಡೆ ಇನ್ನೊಂದು ವಿಷಯ. ರಸ್ತೆಯ ಧೂಳು ಬಟ್ಟೆಯ ಮೇಲೂ ಬಾಲ್ ಮೇಲೂ ಕೂರುತ್ತದೆ. ಮಳೆಗಾಲದಲ್ಲಿ ಬಟ್ಟೆ ತೇವ ಹೀರಿ ನಿಧಾನವಾಗುತ್ತದೆ. ಜೂನ್‌ನಲ್ಲಿ ಬರೆದಿಟ್ಟ ಚುಕ್ಕೆ ಲೆಕ್ಕ ಮಾರ್ಚ್‌ನಲ್ಲಿ ಹೊಂದುವುದಿಲ್ಲ. ಆಡುವ ಮುಂಚೆ ಬಾಲ್‌ಗಳನ್ನು ಒದ್ದೆ ಬಟ್ಟೆಯಿಂದ ಒರೆಸಿ, ಒಣಗಿಸಿ. ಟೇಬಲ್ ಬ್ರಷ್ ಮಾಡಿ. ಆಮೇಲೆ ನಡು ಹೊಡೆತ ಒಂದೆರಡು, ಅರ್ಧ ಟಿಪ್ ಬಲ ಒಂದೆರಡು, ಎಡ ಒಂದೆರಡು ಹೊಡೆದು ಆ ದಿನದ ಟೇಬಲ್ ಎಷ್ಟು ತಿರುಗಿಸುತ್ತಿದೆ ನೋಡಿಕೊಂಡು ಆಟಕ್ಕೆ ನಿಲ್ಲಿ.