ಪೆರಿಟೋನಿಯಲ್ ಡಯಾಲಿಸಿಸ್ ಕೆಥೆಟರ್ ಕಟ್ಟಿಕೊಂಡಾಗ

ಮಳೆಗಾಲದಲ್ಲಿ ಬರೆ ಕುಸಿದು ಮಡಿಕೇರಿಗೋ ಮೈಸೂರಿಗೋ ಹೋಗುವುದೇ ದುಸ್ತರವಾಗುವ ಕೊಡಗಿನ ತೋಟದ ಮನೆಗಳಿಗೆ ಪೆರಿಟೋನಿಯಲ್ ಡಯಾಲಿಸಿಸ್ ಒಪ್ಪುವ ಚಿಕಿತ್ಸೆ. ಮೂತ್ರಪಿಂಡ ಸೋತವರ ಹೊಟ್ಟೆಯೊಳಗೆ ಕೆಥೆಟರ್ ಎಂಬ ನಳಿಕೆಯ ಮೂಲಕ ದ್ರಾವಣ ತುಂಬಿಸಿ, ಕೆಲಹೊತ್ತಿನ ನಂತರ ಅದನ್ನು ಕಲ್ಮಶದೊಂದಿಗೆ ಹೊರಬಿಡುವ ವಿಧಾನವಿದು. ಕೈಯಿಂದ ಚೀಲ ಬದಲಿಸಲು ಕರೆಂಟೂ ಬೇಕಿಲ್ಲ. ಆದರೆ ಕೆಥೆಟರ್ ಕಟ್ಟಿಕೊಂಡರೆ ಏನು ಮಾಡಬೇಕೆಂಬುದು ರೋಗಿಗಷ್ಟೇ ಅಲ್ಲ, ಮನೆಯವರಿಗೂ ತಿಳಿದಿರಬೇಕು.

ಎರಡು ಲೀಟರ್ ದ್ರಾವಣ ಸಾಮಾನ್ಯವಾಗಿ 20ರಿಂದ 30 ನಿಮಿಷಗಳಲ್ಲಿ ಹೊರಬರುತ್ತದೆ. ಅದು ನಿಧಾನವಾದಾಗ ತೊಂದರೆ ಯಾವ ದಿಕ್ಕಿನದೆಂದು ಮೊದಲು ಗಮನಿಸಬೇಕು. ದ್ರಾವಣ ಒಳಗೂ ಹೋಗದೆ ಹೊರಗೂ ಬಾರದಿದ್ದರೆ ಕ್ಲ್ಯಾಂಪ್ ಮುಚ್ಚಿಯೇ ಉಳಿದಿರಬಹುದು, ನಳಿಕೆ ಮಡಿಚಿಕೊಂಡಿರಬಹುದು, ಇಲ್ಲವೇ ಫೈಬ್ರಿನ್ ಎಂಬ ಬಿಳಿ ಎಳೆಗಳೋ ರಕ್ತದ ಹೆಪ್ಪೋ ಸಿಕ್ಕಿಕೊಂಡಿರಬಹುದು. ಸಲೀಸಾಗಿ ಒಳಹೋದದ್ದು ಹೊರಬಾರದಿದ್ದರೆ ಮಲಬದ್ಧತೆ, ಕೆಥೆಟರ್‌ನ ತುದಿ ಕೆಳಹೊಟ್ಟೆಯಿಂದ ಮೇಲಕ್ಕೆ ಸರಿದಿರುವುದು ಅಥವಾ ಕರುಳಿನ ಮುಂದಿರುವ ಕೊಬ್ಬಿನ ಪೊರೆ ಸುತ್ತಿಕೊಂಡಿರುವುದು ಕಾರಣವಾಗಿರುವ ಸಾಧ್ಯತೆ ಹೆಚ್ಚು.

ನಳಿಕೆಯನ್ನು ಎಲ್ಲಿಯೂ ಬಿಚ್ಚದೆ, ಹೊಟ್ಟೆಯಿಂದ ಚೀಲದವರೆಗೆ ಬೆರಳಾಡಿಸಿ ನೋಡಿ. ಚಳಿಗೆಂದು ತೊಟ್ಟ ಸ್ವೆಟರ್ ಮತ್ತು ಬಿಗಿದ ಸೊಂಟಪಟ್ಟಿಯ ಅಡಿಯಲ್ಲೇ ಮಡಿಕೆ ಅಡಗಿರುವುದುಂಟು. ಖಾಲಿ ಚೀಲ ಹೊಟ್ಟೆಗಿಂತ ಕೆಳಗಿರಲಿ. ಮಗ್ಗುಲು ಬದಲಿಸಿ, ಎದ್ದು ನಿಂತು ನೋಡಿ. ಒಳಗಿನ ದ್ರಾವಣ ಹೊರಬಾರದಿರುವಾಗ ಮತ್ತೊಂದು ಚೀಲ ತುಂಬಿಸಬಾರದು.

ಮಲಬದ್ಧತೆಯನ್ನು ಬಹಳ ಮಂದಿ ಲಘುವಾಗಿ ಕಾಣುತ್ತಾರೆ. ನನ್ನ ದೃಷ್ಟಿಯಲ್ಲಿ ಮೊದಲು ಅನುಮಾನಿಸಬೇಕಾದದ್ದು ಅದನ್ನೇ, ಏಕೆಂದರೆ ತುಂಬಿದ ಕರುಳು ಕೆಥೆಟರ್‌ನ ರಂಧ್ರಗಳನ್ನು ಒತ್ತಿ ಮುಚ್ಚುತ್ತದೆ, ಅದರ ತುದಿಯನ್ನೂ ಸರಿಸಬಲ್ಲದು. ವೈದ್ಯರನ್ನು ಕೇಳಿ ಲ್ಯಾಕ್ಟುಲೋಸ್‌ನಂಥ ಔಷಧ ತೆಗೆದುಕೊಳ್ಳಬಹುದು. ಮೆಗ್ನೀಷಿಯಂ ಅಥವಾ ಫಾಸ್ಫೇಟ್ ಇರುವ ಭೇದಿ ಔಷಧಗಳು ಮೂತ್ರಪಿಂಡ ರೋಗಿಗಳಿಗೆ ಸಲ್ಲವು.

ಇಷ್ಟಾದರೂ ಹರಿವು ಸರಿಹೋಗದಿದ್ದರೆ ಮುಂದಿನದು ಆಸ್ಪತ್ರೆಯ ಕೆಲಸ. ಅಲ್ಲಿ ಎಕ್ಸ್‌ರೇಯಲ್ಲಿ ತುದಿಯ ಸ್ಥಾನ ನೋಡಿ, ಕ್ರಿಮಿರಹಿತ ವಿಧಾನದಲ್ಲಿ ಸಿರಿಂಜ್‌ನಿಂದ ಸಲೈನ್ ಹಾಯಿಸುತ್ತಾರೆ. ಮನೆಯಲ್ಲಿ ಇದನ್ನು ಮಾಡಲೇಬಾರದು: ಸೋಂಕಿನ ಭಯವಿದೆ, ಜೋರಾಗಿ ಹಿಂದಕ್ಕೆಳೆದರೆ ಕೊಬ್ಬಿನ ಪೊರೆಯೇ ರಂಧ್ರಗಳಿಗೆ ಹೀರಿಕೊಂಡು ಸಿಕ್ಕಿಬೀಳಬಹುದು. ಫೈಬ್ರಿನ್ ಕಂಡರೆ ಪ್ರತಿ ಲೀಟರ್ ದ್ರಾವಣಕ್ಕೆ ಹೆಪ್ಪುಗಟ್ಟದಂತೆ ತಡೆಯುವ ಹೆಪಾರಿನ್ ಅನ್ನು 500ರಿಂದ 1000 ಯೂನಿಟ್ ಸೇರಿಸುವುದು ರೂಢಿ. ಅದಕ್ಕೂ ಬಗ್ಗದ ಹೆಪ್ಪಿಗೆ ಅದನ್ನು ಕರಗಿಸುವ ಆಲ್ಟೆಪ್ಲೇಸ್ ಅಥವಾ ಯುರೋಕೈನೇಸ್ ಔಷಧವನ್ನು ನಳಿಕೆಯೊಳಗೆ ಕೆಲಹೊತ್ತು ನಿಲ್ಲಿಸುತ್ತಾರೆ. ಸರಿದ ತುದಿಯನ್ನು ತಂತಿಯ ನೆರವಿನಿಂದ ಸ್ವಸ್ಥಾನಕ್ಕೆ ತರಬಹುದು. ಸುತ್ತಿದ ಪೊರೆಯನ್ನು ಬಿಡಿಸಲು ಸಾಮಾನ್ಯವಾಗಿ ಲ್ಯಾಪರೋಸ್ಕೋಪಿ, ಅಂದರೆ ಸಣ್ಣ ರಂಧ್ರಗಳ ಮೂಲಕ ಕ್ಯಾಮೆರಾ ಇಳಿಸಿ ಮಾಡುವ ಶಸ್ತ್ರಚಿಕಿತ್ಸೆ, ಬೇಕು.

ಹೊರಬಂದ ದ್ರಾವಣ ಮಬ್ಬಾಗಿದ್ದರೆ, ಹೊಟ್ಟೆನೋವು ಅಥವಾ ಜ್ವರವಿದ್ದರೆ, ಉಸಿರು ಕಟ್ಟಿದರೆ, ಮಳೆ ನಿಲ್ಲಲೆಂದು ಕಾಯದೆ ಕೂಡಲೇ ಡಯಾಲಿಸಿಸ್ ಘಟಕಕ್ಕೆ ಫೋನ್ ಮಾಡಿ ಹೊರಡಬೇಕು. ಮಬ್ಬು ದ್ರಾವಣದ ಚೀಲವನ್ನು ಚೆಲ್ಲದೆ ಜೊತೆಗೆ ಒಯ್ಯಿರಿ. ಪರೀಕ್ಷೆಗೆ ಅದೇ ಬೇಕಾಗುತ್ತದೆ.